“ಇನ್ನೊಂದು ಸಲ ಮಾತ್ರ ಬೇಡ ಡಾಕ್ಟ್ರೇ!”

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದಲ್ಲಿದ್ದೇವೆ. ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ, ಮೇಲೆ ತಾರಸಿ, ಮುಂದೆ ಎರಡು ಸ್ಕೂಟರ್ ನಿಲ್ಲುವಷ್ಟು ಜಾಗ. ನಾನು, ನಮ್ಮ ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಹಗಲು ಮನೆಯಲ್ಲಿ 72 ವರ್ಷದ ಅತ್ತೆ ಒಬ್ಬರೇ. ಮಗನಿಗೆ 12, ಮಗಳಿಗೆ 8. ಪ್ರಾಣಿ ಸಾಕುವ ಆಸೆಯಿಂದ ಈಗಾಗಲೇ ಸಾಕಷ್ಟು ಪಾಡು ಪಟ್ಟಿದ್ದೇವೆ. ಜಾತ್ರೆಯಲ್ಲಿ ತಂದ ಗುಲಾಬಿ ಬಣ್ಣದ ಕೋಳಿಮರಿ ಹುಂಜವಾಗಿ ಓಣಿಯನ್ನೆಲ್ಲ ಎಬ್ಬಿಸಿತು. ‘ಎರಡೂ ಹೆಣ್ಣು’ ಅಂತ ಕೊಟ್ಟ ಮೊಲಗಳು ಆರು ತಿಂಗಳಲ್ಲಿ ಹತ್ತೊಂಬತ್ತಾದವು. ಈಗ ಟಬ್ಬಿನಲ್ಲಿ ಕೆಂಪು ಕಿವಿಯ ಆಮೆ ಇದೆ. ಅತ್ತೆ ಅದನ್ನು ಕೂರ್ಮಾವತಾರ ಅಂತ ದಿನಾ ಹೂವು ಏರಿಸುತ್ತಾರೆ, ಅದು ಹೂವನ್ನೇ ತಿಂದುಬಿಡುತ್ತದೆ. ಇಷ್ಟರ ಮೇಲೆ ಯಜಮಾನರ ಸ್ನೇಹಿತರೊಬ್ಬರು ಹಸ್ಕಿ ಮರಿ ಕೊಡುತ್ತೇನೆ ಅಂದಿದ್ದಾರೆ. ಮಗ ಊಟ ಬಿಟ್ಟು ಹಟ ಹಿಡಿದಿದ್ದಾನೆ. ಸಾಕಿದವರು ‘ಮತ್ತೆ ಬೇಡವೇ ಬೇಡ’ ಅನ್ನುವ ಪ್ರಾಣಿಗಳು ಯಾವುವು, ಯಾಕೆ? ನಮ್ಮಂಥ ಮನೆಗೆ ಯಾವುದು ಸರಿ?

ಪಶುವೈದ್ಯರ ಉತ್ತರ:

ಹಸ್ಕಿ ಬೇಡ. ಉಳಿದದ್ದನ್ನು ನಿಧಾನವಾಗಿ ಓದಿ, ಆದರೆ ಇದನ್ನು ಇವತ್ತೇ ಆ ಸ್ನೇಹಿತರಿಗೆ ಹೇಳಿಬಿಡಿ. ಮರಿ ಮನೆಗೆ ಬಂದು ನಿಮ್ಮ ಮಗನ ಮಡಿಲಲ್ಲಿ ಒಂದು ರಾತ್ರಿ ಮಲಗಿತೆಂದರೆ ಆಮೇಲೆ ವಾಪಸ್ ಕಳಿಸುವುದು ಯಾರ ಕೈಲೂ ಆಗುವುದಿಲ್ಲ.

ಆ ನಾಯಿಯ ಮೈ ಸೈಬೀರಿಯದ ಚಳಿಗೆ ಆಗಿಬಂದದ್ದು. ಅಲ್ಲಿನ ಚುಕ್ಚಿ ಜನ ಹಿಮದ ಮೇಲೆ ಜಾರುಬಂಡಿ ಎಳೆಯಲಿಕ್ಕೆ ತಲೆಮಾರುಗಳಿಂದ ಬೆಳೆಸಿಕೊಂಡು ಬಂದ ತಳಿ ಅದು. 1925ರಲ್ಲಿ ಅಲಾಸ್ಕಾದ ನೋಮ್ ಎಂಬ ಊರಿನಲ್ಲಿ ಗಂಟಲುಮಾರಿ ರೋಗ ಹರಡಿದಾಗ, ಹತ್ತಿರ ಹತ್ತಿರ 1,085 ಕಿಲೋಮೀಟರ್ ದೂರ ನಾಯಿಬಂಡಿಗಳೇ ಸರದಿಯ ಮೇಲೆ ಓಡಿ ಔಷಧ ಮುಟ್ಟಿಸಿದವು. ಆ ಓಟದಲ್ಲಿ ಹೆಸರು ಮಾಡಿದ್ದು ಇದೇ ತಳಿ. ಅಷ್ಟು ಓಡಲಿಕ್ಕೆ ಹುಟ್ಟಿದ ಪ್ರಾಣಿಯನ್ನು ಎರಡು ಸ್ಕೂಟರ್ ನಿಲ್ಲುವ ಜಾಗದಲ್ಲಿ ಕಟ್ಟಿದರೆ ಅದು ಸುಮ್ಮನೆ ಕೂರುತ್ತದೆಯೇ? ನೆಲ ಕೆರೆಯುತ್ತದೆ, ಗೇಟು ಹಾರುತ್ತದೆ, ಊಳಿಡುತ್ತದೆ.

ಎಂಸಿಸಿ ಬಿ ಬ್ಲಾಕಿನ ಒಂದು ಮನೆಯ ಹಸ್ಕಿಯದು ಇಡೀ ಬೀದಿಗೆ ಗೊತ್ತಿರುವ ಕತೆ. ಬೆಳಿಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡು ಬರುತ್ತದಲ್ಲ, ಆ ಹಾಡಿಗೆ ಅದು ದನಿಗೂಡಿಸುತ್ತಿತ್ತು. ಗಾಡಿ ಇನ್ನೂ ಮೂರು ಕ್ರಾಸ್ ಆಚೆ ಇರುವಾಗಲೇ ಶುರು. ಅಕ್ಕಪಕ್ಕದ ಹೆಂಗಸರು ಗಾಡಿಗೆ ಕಾಯುವುದನ್ನೇ ಬಿಟ್ಟು, ನಾಯಿ ಊಳಿಟ್ಟ ಕೂಡಲೇ ಬಕೆಟ್ ಹಿಡಿದು ಹೊರಗೆ ಬರುತ್ತಿದ್ದರು. ತುಳಸಿಕಟ್ಟೆಯ ಮಣ್ಣನ್ನೆಲ್ಲ ಕೆದಕಿ ತೆಗೆದು ಆ ತಂಪಿನಲ್ಲಿ ಹೊಟ್ಟೆ ಚಾಚಿ ಮಲಗುತ್ತಿತ್ತು. ಬೇಸಿಗೆಗೆ ಅದಕ್ಕೆಂದೇ ಒಂದು ಕೋಣೆಗೆ ಎಸಿ ಹಾಕಿಸಿದರು. ಆಮೇಲೆ ಮನೆಯ ಹಿರಿಯರು ‘ನನಗೂ ಸೆಕೆ ಆಗ್ತೈತಪ್ಪ’ ಎಂದು ದಿಂಬು ಎತ್ತಿಕೊಂಡು ಹೋಗಿ ನಾಯಿಯ ಕೋಣೆಯಲ್ಲೇ ಮಲಗತೊಡಗಿದರು. ಅವರಿಬ್ಬರ ಸ್ನೇಹ ಬೆಳೆದಿದ್ದು ಹಾಗೆ.

ಆದರೆ ಕರೆಂಟು ಹೋದ ಮಧ್ಯಾಹ್ನ ಆ ಮನೆಯವರು ಪಟ್ಟ ಪಾಡು ನಗುವಂಥದ್ದಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಅಡಿಯಲ್ಲಿ ಒಂದಿಷ್ಟು ಬೆವರುತ್ತದೆ, ಮಿಕ್ಕಂತೆ ನಾಲಿಗೆ ಚಾಚಿ ತೇಕುತ್ತಲೇ ಮೈಯ ಬಿಸಿ ಇಳಿಸಿಕೊಳ್ಳಬೇಕು. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮೂರಲ್ಲಿ ಬಿಸಿಲು 38 ಡಿಗ್ರಿ ದಾಟಿದಾಗ, ಎರಡು ಪದರದ ಆ ದಟ್ಟ ತುಪ್ಪಳ ಹೊತ್ತು ತೇಕಿದರೆ ಎಷ್ಟು ಬಿಸಿ ಇಳಿದೀತು? ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 106 ದಾಟಿದರೆ ಒಳಗಿನ ಅಂಗಗಳು ಕೆಡತೊಡಗುತ್ತವೆ, ಜೀವಕ್ಕೇ ಕುತ್ತು. ಅಂಥ ಹೊತ್ತಿನಲ್ಲಿ ನೆರಳಿಗೆ ತಂದು, ಮೈಗೆ ತಣ್ಣೀರು ಹಾಕಿ, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ತರಬೇಕು. ‘ಕೂದಲು ಬೋಳಿಸಿದರೆ ಆಯ್ತಲ್ಲ’ ಎಂದು ಹಲವರು ಕೇಳುತ್ತಾರೆ. ಬೋಳಿಸಬಾರದು. ಆ ತುಪ್ಪಳ ಬಿಸಿಲು ನೇರವಾಗಿ ಚರ್ಮಕ್ಕೆ ತಾಗದಂತೆ ತಡೆಯುತ್ತದೆ, ಬೋಳಿಸಿದರೆ ಸರಿಯಾಗಿ ಮತ್ತೆ ಬರದೆಯೂ ಇರಬಹುದು.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರುತ್ತೇನೆ. ಮೇಜಿನ ಆಚೆ ಕೂತು ‘ಇನ್ನೊಂದು ಸಲ ಮಾತ್ರ ಬೇಡ ಡಾಕ್ಟ್ರೇ’ ಅನ್ನುವವರು ಯಾರು ಎಂದು ಗಮನಿಸುತ್ತಾ ಬಂದಿದ್ದೇನೆ. ಪ್ರಾಣಿಯನ್ನು ಆಸೆಪಟ್ಟು ತಂದವರು ಆ ಮಾತು ಹೇಳುವುದು ಅಪರೂಪ. ಹೇಳುವುದು ಅದನ್ನು ನೋಡಿಕೊಂಡವರು: ಅಮ್ಮ, ಅಜ್ಜಿ, ಸೊಸೆ, ಹಗಲು ಮನೆಯಲ್ಲಿರುವ ತಾತ. ತರುವವರು ಒಬ್ಬರು, ಸಾಕುವವರು ಇನ್ನೊಬ್ಬರು. ಪ್ರಾಣಿಯಂತೂ ತನ್ನ ಹುಟ್ಟುಗುಣದಂತೆ ನಡೆದುಕೊಂಡಿರುತ್ತದೆ, ಅದರದು ಏನೂ ತಪ್ಪಿರುವುದಿಲ್ಲ. ನಿಮ್ಮ ಪತ್ರದಲ್ಲಿ ಮಗನ ಹಟ ಇದೆ, ಸ್ನೇಹಿತರ ಉದಾರತೆ ಇದೆ. ಹಗಲೆಲ್ಲ ಅದರ ಜೊತೆ ಇರಬೇಕಾದ ಅತ್ತೆಯವರಿಗೆ ಏನು ಇಷ್ಟ ಎಂಬ ಒಂದು ಸಾಲೂ ಇಲ್ಲ. ದಯವಿಟ್ಟು ಅವರನ್ನು ಮೊದಲು ಕೇಳಿ.

ಹುಂಜದ ವಿಷಯಕ್ಕೆ ಹೋಗೋಣ. ಜಾತ್ರೆ, ಸಂತೆಗಳಲ್ಲಿ ಬಣ್ಣ ಹಚ್ಚಿ ಮಾರುವ ಮರಿಗಳು ಬಹುಪಾಲು ಮೊಟ್ಟೆ ಕೋಳಿ ತಳಿಯ ಗಂಡುಮರಿಗಳು. ಅವು ಮೊಟ್ಟೆ ಇಡುವುದಿಲ್ಲ, ಮಾಂಸವೂ ತುಂಬುವುದಿಲ್ಲ. ಹ್ಯಾಚರಿಗಳಲ್ಲಿ ಹುಟ್ಟಿದ ದಿನವೇ ಹೆಣ್ಣು–ಗಂಡು ವಿಂಗಡಿಸಿ ಗಂಡನ್ನು ಕಳಚಿಕೊಳ್ಳುತ್ತಾರೆ, ಅವೇ ಗುಲಾಬಿ, ಹಸಿರು, ನೀಲಿ ಆಗಿ ಬುಟ್ಟಿಗೆ ಬರುತ್ತವೆ. ಮೊದಲ ವಾರ ಆ ಮರಿಗೆ 95 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಶಾಖ ಬೇಕು. ರಟ್ಟಿನ ಡಬ್ಬಿಯಲ್ಲಿ ಅದು ಸಿಗದೆ ಹೆಚ್ಚಿನವು ಎರಡು ಮೂರು ದಿನಕ್ಕೇ ಸಾಯುತ್ತವೆ, ಮಕ್ಕಳು ಅತ್ತು ಮಲಗುತ್ತಾರೆ. ನಿಮ್ಮದು ಬದುಕಿ ಹುಂಜವಾಯಿತು ಅಂದರೆ ನಿಮ್ಮ ಮನೆಯಲ್ಲಿ ಯಾರೋ ಅದನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ. ಅತ್ತೆಯವರೇ ಇರಬೇಕು ಎಂದು ನನ್ನ ಊಹೆ.

ಹುಂಜ ಬೆಳಕು ಕಂಡು ಕೂಗುತ್ತದೆ ಎಂದು ಬಹಳ ಜನ ತಿಳಿದು ಕತ್ತಲೆ ಕೋಣೆಯಲ್ಲಿ ಕೂಡಿಹಾಕುತ್ತಾರೆ. ಉಪಯೋಗವಿಲ್ಲ. 2013ರಲ್ಲಿ ಜಪಾನಿನ ನಗೋಯ ವಿಶ್ವವಿದ್ಯಾಲಯದವರು ಹುಂಜಗಳನ್ನು ಒಂದೇ ಸಮನಾದ ಮಂದ ಬೆಳಕಿನಲ್ಲಿಟ್ಟು ನೋಡಿದರು. ಹೊರಗಿನ ಬೆಳಗು ಗೊತ್ತಾಗದಿದ್ದರೂ ಅವು ತಮ್ಮ ಒಳಗಡಿಯಾರದ ಹೊತ್ತಿಗೆ ಸರಿಯಾಗಿ ಕೂಗಿದವು. ನಿಟ್ಟುವಳ್ಳಿಯ ಒಂದು ಮನೆಯವರು ಹುಂಜದ ಪಂಜರಕ್ಕೆ ಮೂರು ಕಂಬಳಿ ಹೊದಿಸಿ ನೋಡಿದ್ದರು. ನಾಲ್ಕು ಗಂಟೆಗೆ ಕಂಬಳಿಯೊಳಗಿಂದಲೇ ಕೂಗಿತು. ಎಡಗಡೆ ಮನೆಯವರು ಜಗಳಕ್ಕೆ ಬಂದರು. ಬಲಗಡೆ ಮನೆಯವರು ಬಂದು, ‘ನಮ್ಮ ಹುಡುಗ ಈ ವರ್ಷ ಎಸ್ಸೆಸ್ಸೆಲ್ಸಿ, ಇದರಿಂದಲೇ ಎದ್ದು ಓದ್ತಾನ್ರಿ, ಪರೀಕ್ಷೆ ಮುಗಿಯೋತನಕ ಇಟ್ಕೊಳ್ರಿ’ ಎಂದು ಕೈಮುಗಿದರು. ಹುಂಜದ ಕಾಲಿಗೆ ಮುಳ್ಳು ಬಂದ ಮೇಲೆ ಆ ಮನೆಯ ಅಜ್ಜಿ ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋಗುವಾಗ ಬಿಡಿಸಿದ ಕೊಡೆಯನ್ನು ಮುಂದೆ ಹಿಡಿದುಕೊಂಡೇ ಹೋಗುತ್ತಿದ್ದರು.

ಮೊಲದ ಬಗ್ಗೆ ನಿಮಗೆ ನಾನು ಹೇಳಿಕೊಡಬೇಕಾದ್ದು ಕಡಿಮೆ. ಚಿಕ್ಕ ಮರಿಯಲ್ಲಿ ಹೆಣ್ಣು–ಗಂಡು ಗುರುತಿಸುವುದು ಅಭ್ಯಾಸ ಇದ್ದವರಿಗೂ ಕಷ್ಟ, ಹಾಗಾಗಿ ‘ಎರಡೂ ಹೆಣ್ಣು’ ಎಂದ ಅಂಗಡಿಯವರಿಗೂ ಗೊತ್ತಿರಲಿಲ್ಲವೇನೋ. ನಾಲ್ಕರಿಂದ ಆರು ತಿಂಗಳಿಗೆ ಮೊಲ ಪ್ರಾಯಕ್ಕೆ ಬರುತ್ತದೆ. ಗರ್ಭ ನಿಲ್ಲುವುದು 30–31 ದಿನ ಮಾತ್ರ. ಮರಿ ಹಾಕಿದ ದಿನವೇ ಮತ್ತೆ ಗಬ್ಬವಾಗಬಲ್ಲದು. ಗಂಡನ್ನು ಬೇರೆ ಇಡುವುದೋ ಬೀಜ ತೆಗೆಸುವುದೋ ಮಾಡದಿದ್ದರೆ ಹತ್ತೊಂಬತ್ತು ಎಂಬುದು ಕಡಿಮೆಯೇ. ಒಂದು ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದ ಮುತ್ತೈದೆಯರಿಗೆ ತಾಂಬೂಲದ ಜೊತೆ ಒಂದೊಂದು ಮೊಲದ ಮರಿ ಕೊಟ್ಟು ಕಳಿಸಿದರು. ಮುಂದಿನ ವರ್ಷ ಆ ಮನೆಗೆ ಅರಿಶಿನ ಕುಂಕುಮಕ್ಕೆ ಬರುವವರೇ ಕಡಿಮೆಯಾದರಂತೆ, ಬಂದವರೂ ಬಾಗಿಲಲ್ಲೇ ನಿಂತು ‘ಈ ಸಲ ಏನು ಕೊಡ್ತೀರಿ’ ಎಂದು ಕೇಳಿ ಒಳಗೆ ಬಂದರಂತೆ. ಇನ್ನು ವೈರು ಕಡಿಯುವುದು. ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ವಾರಕ್ಕೆ ಎರಡು ಮೂರು ಮಿಲಿಮೀಟರ್. ದಿನವಿಡೀ ನಾರಿರುವ ಹುಲ್ಲು ಅಗಿದರೆ ಅದು ತಾನಾಗಿ ಸವೆಯುತ್ತದೆ. ನಾವು ಕ್ಯಾರೆಟ್ಟು, ಬಿಸ್ಕತ್ತು ಕೊಟ್ಟು ಸಾಕುತ್ತೇವೆ, ಅದು ಸೋಫಾ ಕಾಲಿಗೂ ಚಾರ್ಜರ್ ವೈರಿಗೂ ಬಾಯಿ ಹಾಕುತ್ತದೆ. 30 ಡಿಗ್ರಿ ದಾಟಿದರೆ ಸೆಕೆಗೆ ಸೊರಗುವ ಪ್ರಾಣಿ ಇದು, ತಾರಸಿಯ ಶೀಟಿನ ಕೆಳಗೆ ಮೇ ತಿಂಗಳು ಕಳೆಯುವುದು ಅದಕ್ಕೆ ಹಿಂಸೆ.

ನಮ್ಮ ಭಾಗದಲ್ಲಿ ‘ಇನ್ನು ಬೇಡಪ್ಪಾ ಬೇಡ’ ಎಂದು ಜನ ಕೈಮುಗಿಯುವ ಪ್ರಾಣಿಗಳಲ್ಲಿ ಟಗರಿಗೆ ಮೊದಲ ಸ್ಥಾನ ಕೊಡುತ್ತೇನೆ. ಕುರಿಸೀಮೆಯಲ್ಲವೇ ನಮ್ಮದು. ತಾಯಿ ಸತ್ತ ಮರಿಯನ್ನು ಕುರಿಗಾಹಿಗಳಿಂದ ಕನಿಕರಪಟ್ಟು ತಂದು ಬಾಟಲಿ ಹಾಲು ಕುಡಿಸಿ ಸಾಕುವವರು ಈಗಲೂ ಇದ್ದಾರೆ. ಆವರಗೆರೆ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಹಾಗೆ ಒಂದು ಗಂಡುಮರಿ ತಂದರು. ಅಡುಗೆಮನೆಯಲ್ಲೇ ಬೆಳೆಯಿತು. ಮೇಷ್ಟ್ರು ಸಂಜೆ ಹೋಟೆಲಿಗೆ ಹೋದರೆ ಹಿಂದೆಯೇ ಹೋಗಿ ಬೆಂಚಿನ ಪಕ್ಕ ನಿಲ್ಲುತ್ತಿತ್ತು, ಅವರು ತಟ್ಟೆಗೆ ಸುರಿದು ಕೊಟ್ಟ ಚಹಾ ಕುಡಿಯುತ್ತಿತ್ತು. ಎಲ್ಲರೂ ಅದರ ಹಣೆಗೆ ಅಂಗೈ ಒತ್ತಿ ‘ಡಿಕ್ಕಿ, ಡಿಕ್ಕಿ’ ಎಂದು ಆಡಿಸಿದರು. ಕೊಂಬು ಬಂತು, ಮೈ ಬಂತು. ಮೊದಲು ಗ್ಯಾಸ್ ಸಿಲಿಂಡರ್ ತರುವವನಿಗೆ ಗುದ್ದಿತು. ಆಮೇಲೆ ಪೋಸ್ಟಿನವರಿಗೆ. ಆಮೇಲೆ ಬೀಗರು ಬಂದಿದ್ದ ದಿನ ಬಗ್ಗಿ ಚಪ್ಪಲಿ ಬಿಡುತ್ತಿದ್ದ ಬೀಗರಿಗೆ. ಕಡೆಗೆ ಮೇಷ್ಟ್ರಿಗೇ. ‘ನನ್ನ ಕೈಯಾರೆ ಹಾಲು ಕುಡಿಸಿದ್ದೀನಲ್ರೀ, ಇದಕ್ಕೆ ನಾನು ಯಾರು ಅಂತ ಗೊತ್ತಿಲ್ವಾ’ ಎಂದು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಬಂದು ನೊಂದು ಕೇಳಿದರು.

ಗೊತ್ತಿದ್ದದ್ದಕ್ಕೇ ಗುದ್ದಿತು. ಒಂಟಿಯಾಗಿ ಮನುಷ್ಯರ ನಡುವೆ ಬೆಳೆದ ಗಂಡುಮರಿಗೆ ಮನುಷ್ಯರೇ ತನ್ನ ಮಂದೆ. ಹಿಂಡಿನಲ್ಲಿ ಬೆಳೆದದ್ದು ಮನುಷ್ಯನನ್ನು ಕಂಡು ಒಂದಿಷ್ಟು ಹೆದರಿ ದೂರ ನಿಲ್ಲುತ್ತದೆ. ಬಾಟಲಿಯಲ್ಲಿ ಬೆಳೆದದ್ದಕ್ಕೆ ಆ ಹೆದರಿಕೆ ಇಲ್ಲ. ಪ್ರಾಯಕ್ಕೆ ಬಂದಾಗ ಅದು ಬೇರೆ ಟಗರುಗಳ ಜೊತೆ ಬಲ ನೋಡಬೇಕು, ಇಲ್ಲಿ ಬೇರೆ ಟಗರುಗಳೆಂದರೆ ಮೇಷ್ಟ್ರು, ಪೋಸ್ಟಿನವರು, ಬೀಗರು. ಹಣೆ ಒತ್ತಿ ಆಡಿಸಿದವರೆಲ್ಲ ಅದಕ್ಕೆ ‘ಬಾ, ಗುದ್ದು’ ಎಂದು ಕಲಿಸಿಕೊಟ್ಟಿದ್ದರು. ಕುರಿಗಾಹಿಗಳು ಇದನ್ನು ಬಲ್ಲರು, ತಬ್ಬಲಿ ಮರಿಯನ್ನು ಇನ್ನೊಂದು ಕುರಿಯ ಹಾಲಿಗೆ ಬಿಟ್ಟು ಹಿಂಡಿನಲ್ಲೇ ಬೆಳೆಸುತ್ತಾರೆ. ಗಂಡನ್ನು ಮನೆಯಲ್ಲೇ ಸಾಕಬೇಕಾದರೆ ಚಿಕ್ಕಂದಿನಲ್ಲೇ ಬೀಜ ಒಡೆಸಬೇಕು, ಜೊತೆಗೊಂದು ಕುರಿ ಇರಬೇಕು, ಹಣೆಯನ್ನು ಯಾರೂ ಮುಟ್ಟಬಾರದು. ಮೇಷ್ಟ್ರ ಟಗರನ್ನು ಕಾಳಗಕ್ಕೆ ಕೇಳಿಕೊಂಡು ಬಂದವರೂ ಇದ್ದರು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಪ್ರಾಣಿಗಳ ಕಾದಾಟ ನಡೆಸುವುದು ಅಪರಾಧ. ಮೇಷ್ಟ್ರು ಕೊಡಲಿಲ್ಲ. ಜಗಳೂರು ಕಡೆಯ ನೆಂಟರ ಹಿಂಡಿಗೆ ಕಳಿಸಿದರು. ಅಲ್ಲಿ ಅದು ಬಹಳ ದಿನ ಕುರಿಗಳ ಹತ್ತಿರಕ್ಕೂ ಹೋಗದೆ ಕುರಿ ಕಾಯುವವನ ಪಕ್ಕದಲ್ಲೇ ನಿಲ್ಲುತ್ತಿತ್ತಂತೆ. ಅವನು ಚಹಾ ಕುಡಿಯಲು ಕೂತರೆ ಎದುರು ಬಂದು ನಿಂತು ತಟ್ಟೆಗೆ ಕಾಯುತ್ತಿತ್ತಂತೆ.

ಗಿಳಿಯದು ನೀವು ಕೇಳಿಲ್ಲ, ಆದರೆ ಮುಂದಿನ ವರ್ಷ ಮಗಳು ಕೇಳುತ್ತಾಳೆ, ಈಗಲೇ ಹೇಳಿಬಿಡುತ್ತೇನೆ. ಕೊರಳಿಗೆ ಗುಲಾಬಿ ಪಟ್ಟಿ ಇರುವ ನಮ್ಮ ಹಸಿರು ಗಿಳಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಸಾಕುವುದು ಮೂರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ನಕ್ಷತ್ರ ಆಮೆಯೂ ಇದೇ ಕಾಯ್ದೆಯ ರಕ್ಷಣೆಯಲ್ಲಿದೆ, ಅದೃಷ್ಟ ಬರುತ್ತದೆಂದು ಯಾರಾದರೂ ತಂದುಕೊಟ್ಟರೆ ಮುಟ್ಟಬೇಡಿ. ವಿದೇಶಿ ಗಿಳಿಗಳಲ್ಲೂ ವನ್ಯಜೀವಿ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಒಪ್ಪಂದದ (ಸೈಟಿಸ್) ಪಟ್ಟಿಯಲ್ಲಿರುವವನ್ನು 2024ರ ನಿಯಮದಂತೆ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಕಾನೂನು ಬದಿಗಿಟ್ಟರೂ ಗಿಳಿ ಹಿಂಡಿನ ಹಕ್ಕಿ. ಕಾಡಿನಲ್ಲಿ ತನ್ನವರ ಕೂಗನ್ನು ಕೇಳಿ ಕಲಿತು ಅದೇ ಕೂಗಿನಿಂದ ಅವರ ಜೊತೆ ಬೆರೆಯುತ್ತದೆ. ಪಂಜರದಲ್ಲಿ ಒಂಟಿಯಾದಾಗ ಮನೆಯ ಸದ್ದುಗಳನ್ನೇ ತನ್ನವರ ಕೂಗು ಎಂದುಕೊಳ್ಳುತ್ತದೆ. ಹಳೇಪೇಟೆಯ ಒಂದು ಮನೆಯ ಗಿಳಿ ಕುಕ್ಕರಿನ ಕೂಗು ಕಲಿತಿತ್ತು. ಸೊಸೆ ಹೊರಗೆ ರಂಗೋಲಿ ಹಾಕುತ್ತಾ ಕೂಗು ಎಣಿಸಿ, ಮೂರಾಯಿತೆಂದು ಬಂದು ಒಲೆ ಆರಿಸಿದರೆ ಬೇಳೆ ಬೆಂದೇ ಇರುತ್ತಿರಲಿಲ್ಲ. ಅವುಗಳಲ್ಲಿ ಎರಡು ಗಿಳಿಯವು. ಒಂದು ತಿಂಗಳು ಆ ಮನೆಯಲ್ಲಿ ‘ಕುಕ್ಕರ್ ಕೆಟ್ಟಿದೆ’ ಎಂದು ಗ್ಯಾಸ್ಕೆಟ್ ಬದಲಾಯಿಸಿದರು, ಸೀಟಿ ಬದಲಾಯಿಸಿದರು. ಆಮೇಲೆ ಅದು ತೀರಿಹೋದ ಅಜ್ಜನ ಕೆಮ್ಮನ್ನು ರಾತ್ರಿ ಹೊತ್ತು ಕೆಮ್ಮತೊಡಗಿತು, ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಮಲಗಿದರು. ಆ ಗಿಳಿ ಎದೆಯ ಗರಿಗಳನ್ನೆಲ್ಲ ತಾನೇ ಕಿತ್ತುಕೊಂಡಿತ್ತು. ಒಂಟಿತನಕ್ಕೆ ಬೇಸತ್ತ ಹಕ್ಕಿ ಹಾಗೆ ಮಾಡಿಕೊಳ್ಳುತ್ತದೆ. ನನಗೆ ಆ ಮನೆಯ ನಗು ಇಷ್ಟವಾಯಿತು, ಆ ಬೋಳು ಎದೆ ನೋಡಲಾಗಲಿಲ್ಲ. ಅರಣ್ಯ ಇಲಾಖೆಗೆ ಒಪ್ಪಿಸಲು ಹೇಳಿದೆ, ಒಪ್ಪಿಸಿದರು. ನಿಮ್ಮ ನೆಂಟರಿಷ್ಟರಲ್ಲಿ ಯಾರ ಮನೆಯಲ್ಲಾದರೂ ಹೀಗೆ ಗಿಳಿ ಇದ್ದರೆ ಪಂಜರ ತೆರೆದು ಹಾರಿಸಬೇಡಿ. ಕೈಯಲ್ಲಿ ಬೆಳೆದ ಗಿಳಿಗೆ ಹಾರುವ ಬಲವೂ ಇರುವುದಿಲ್ಲ, ಆಹಾರ ಹುಡುಕುವುದೂ ತಿಳಿಯದು, ಬೆಕ್ಕಿನ ಬಾಯಿಗೆ ಬೀಳುತ್ತದೆ.

ಪರ್ಷಿಯನ್ ಬೆಕ್ಕು, ಪಾರಿವಾಳ, ಬುಂಡೆಯಲ್ಲಿ ಗೋಲ್ಡ್‌ಫಿಶ್ ಇವು ಮೂರನ್ನೂ ಜನ ಬೇಡವೆನ್ನುತ್ತಾರೆ, ಕಾರಣ ಸುಲಭ. ಪರ್ಷಿಯನ್ ಬೆಕ್ಕಿಗೆ ದಿನಾ ತಲೆ ಬಾಚುವ ಹಾಗೆ ಮೈಯೆಲ್ಲ ಬಾಚಬೇಕು, ಇಲ್ಲದಿದ್ದರೆ ಗಂಟುಗಟ್ಟಿ ಚರ್ಮ ಹುಣ್ಣಾಗುತ್ತದೆ. ಚಪ್ಪಟೆ ಮೂಗಿನಿಂದ ಕಣ್ಣೀರು, ಉಸಿರಿನ ತೊಂದರೆ ಬೇರೆ. ಪಾರಿವಾಳದ ಹಿಕ್ಕೆಯ ಒಣಪುಡಿ ದಿನಾ ಮೂಗಿಗೆ ಹೋದರೆ ಶ್ವಾಸಕೋಶಕ್ಕೆ ಕೇಡು, ವಯಸ್ಸಾದವರಿರುವ ಮನೆಯಲ್ಲಿ ಬೇಡ. ಗೋಲ್ಡ್‌ಫಿಶ್ ಗೇಣುದ್ದ ಬೆಳೆಯುವ ಮೀನು, ಬುಂಡೆಯಲ್ಲಿ ಅದರ ಹೊಲಸೇ ಅಮೋನಿಯಾ ಆಗಿ ಅದನ್ನು ಕೊಲ್ಲುತ್ತದೆ.

ಈಗ ನಿಮ್ಮ ಮನೆಯ ಕೂರ್ಮಾವತಾರ. ಇದು ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆಯದು. ಅಂಗಡಿಯಲ್ಲಿ ನಾಣ್ಯದಷ್ಟಿರುತ್ತದೆ, ಬೆಳೆದರೆ 25ರಿಂದ 30 ಸೆಂಟಿಮೀಟರ್, ಅಂದರೆ ಊಟದ ತಟ್ಟೆಯಷ್ಟು. ಚೆನ್ನಾಗಿ ನೋಡಿಕೊಂಡರೆ 20, 30 ವರ್ಷ, ಅದಕ್ಕೂ ಹೆಚ್ಚು ಬದುಕುತ್ತದೆ. ನಿಮ್ಮ ಮಗಳ ಮದುವೆಗೂ ಅದು ಇರುತ್ತದೆ. ಇದನ್ನು ಸಾಕಿದವರು ಬೇಸತ್ತು ಮಾಡುವ ಕೆಲಸವೆಂದರೆ ಕೆರೆಗೆ ಬಿಡುವುದು. ಕುಂದವಾಡ ಕೆರೆ ಹತ್ತಿರವೇ ಇದೆ, ಬಿಟ್ಟರೆ ಪುಣ್ಯ ಎಂದು ಯಾರಾದರೂ ಹೇಳಿಯಾರು. ಖಂಡಿತ ಬಿಡಬೇಡಿ. ಜಗತ್ತಿನಲ್ಲಿ ಅತಿ ಕೇಡು ಮಾಡುವ 100 ಅತಿಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯ ಹೆಸರಿದೆ. ನಮ್ಮ ಆಮೆಗಳ ಆಹಾರ, ಬಿಸಿಲು ಕಾಯುವ ಜಾಗ ಎಲ್ಲ ಕಿತ್ತುಕೊಳ್ಳುತ್ತದೆ. ಕುಂದವಾಡ ಕೆರೆ ನಾವು ಕುಡಿಯುವ ನೀರಿನದೂ ಹೌದು.

ಟಬ್ಬು ಸಾಲದು. ಕನಿಷ್ಠ ನೂರು ಲೀಟರ್ ಹಿಡಿಯುವ ತೊಟ್ಟಿ ಬೇಕು, ಬೆಳೆದಂತೆ ಇನ್ನೂ ದೊಡ್ಡದು. ಮಧ್ಯೆ ಮೇಲೆ ಹತ್ತಿ ಪೂರ್ತಿ ಒಣಗಿ ಕೂರಲು ಒಂದು ಕಲ್ಲು. ಬೆಳಗಿನ ಎಳೆಬಿಸಿಲು ಗಾಜು ಅಡ್ಡವಿಲ್ಲದೆ ನೇರವಾಗಿ ಬೀಳಬೇಕು, ಇಲ್ಲದಿದ್ದರೆ ಚಿಪ್ಪು ಮೆತ್ತಗಾಗುತ್ತದೆ; ಅರ್ಧ ತೊಟ್ಟಿಗೆ ನೆರಳೂ ಇರಲಿ. ಅತ್ತೆಯವರ ಹೂವಿನ ಸೇವೆ ನಿಲ್ಲಿಸಬೇಕಾಗಿಲ್ಲ. ಮನೆಯ ಗಿಡದ ದಾಸವಾಳ ಕೊಡಲಿ, ಅದು ಆಮೆಗೆ ಒಳ್ಳೆಯದೇ. ಮಾರುಕಟ್ಟೆಯ ಸೇವಂತಿಗೆಗೆ ಕೀಟನಾಶಕ ಹೊಡೆದಿರುತ್ತಾರೆ, ಬೇಡ. ಕಣಗಿಲೆಯಂತೂ ವಿಷ, ತೊಟ್ಟಿಯ ಹತ್ತಿರಕ್ಕೂ ತರಬಾರದು. ಇನ್ನೊಂದು ಮುಖ್ಯ ಮಾತು: ಈ ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುತ್ತದೆ. ಮಕ್ಕಳಿಗೆ ವಾಂತಿಭೇದಿ ಬರುತ್ತಿದೆಯೆಂದು ಅಮೆರಿಕದಲ್ಲಿ 1975ರಲ್ಲೇ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧಿಸಿದರು. ತೊಟ್ಟಿಯ ನೀರನ್ನು ಅಡುಗೆಮನೆ ಸಿಂಕಿಗೆ ಚೆಲ್ಲಬೇಡಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಪ್ರಸಾದ ತೆಗೆದುಕೊಳ್ಳಬಾರದೆಂದು ಅತ್ತೆಯವರಿಗೂ ಮಕ್ಕಳಿಗೂ ಹೇಳಿ. ಈ ತೊಟ್ಟಿಯ ನೀರು ಬದಲಿಸುವ ಕೆಲಸವನ್ನು ಎರಡು ತಿಂಗಳು ನಿಮ್ಮ ಮಗನಿಗೆ ವಹಿಸಿ. ಒಂದು ದಿನವೂ ತಪ್ಪಿಸದೆ ಮಾಡಿದರೆ ನಾಯಿಯ ಮಾತು ಮುಂದುವರಿಸಿ.

ಅವನು ಮಾಡುತ್ತಾನೆ ಎಂದು ನನಗೆ ನಂಬಿಕೆ ಇದೆ, ಆದ್ದರಿಂದ ಯಾವ ನಾಯಿ ಎಂಬುದನ್ನೂ ಹೇಳುತ್ತೇನೆ. ನಿಮ್ಮ ಮನೆಗೆ ನಮ್ಮ ಊರ ನಾಯಿಯೇ ಸರಿ, ಅದರಲ್ಲೂ ಮರಿ ಬೇಡ, ಒಂದೆರಡು ವರ್ಷದ ಬೆಳೆದ ನಾಯಿ. ಮರಿ ಹಗಲೆಲ್ಲ ಕಾಲಿಗೆ ತೊಡರುತ್ತದೆ, 72 ವರ್ಷದವರು ಎಡವಿ ಬಿದ್ದರೆ ಸೊಂಟದ ಮೂಳೆಗೇ ಬರುತ್ತದೆ. ಎರಡು ಗಂಟೆಗೊಮ್ಮೆ ಉಚ್ಚೆ ಮಾಡಿಸಲು ಹೊರಗೆ ಕರೆದೊಯ್ಯುವವರೂ ಅವರೇ ಆಗಬೇಕಾಗುತ್ತದೆ. ಬೆಳೆದ ನಾಯಿಯ ವಿಷಯದಲ್ಲಿ ನಿಮಗೆ ಆಶ್ಚರ್ಯವೇನೂ ಕಾದಿರುವುದಿಲ್ಲ. ಎಷ್ಟು ಎತ್ತರ, ಎಂಥ ದನಿ, ಮಕ್ಕಳನ್ನು ಕಂಡರೆ ಹೇಗೆ ನಡೆದುಕೊಳ್ಳುತ್ತದೆ, ಬಿಸಿಲು ತಡೆಯುತ್ತದೆಯೇ ಎಲ್ಲವೂ ಕಣ್ಣೆದುರೇ ಇದೆ. ಹುಂಜ, ಮೊಲ, ಆಮೆ ಮೂರರಲ್ಲೂ ನಿಮ್ಮನ್ನು ಕಾಡಿದ್ದು ಮರಿಯಲ್ಲಿ ಕಾಣದೆ ಆಮೇಲೆ ಬಂದದ್ದು.

ನಿಮ್ಮ ಓಣಿಯಲ್ಲೇ ನೋಡಿ. ಒಂದು ಕಿವಿಯ ತುದಿ ಕತ್ತರಿಸಿದ ಗುರುತಿದ್ದರೆ ಅದಕ್ಕೆ ಸಂತಾನಹರಣ ಆಗಿದೆ, ಆಗ ರೇಬಿಸ್ ಲಸಿಕೆಯನ್ನೂ ಹಾಕಿರುತ್ತಾರೆ ಎಂದು ಅರ್ಥ. ಅಂಥವುಗಳಲ್ಲಿ ನಿಮ್ಮ ಗೇಟಿನ ಮುಂದೆ ಆಗಲೇ ಮಲಗುವ, ಅತ್ತೆಯವರು ಉಳಿದ ರೊಟ್ಟಿ ಹಾಕುವ ನಾಯಿ ಒಂದು ಇದ್ದೇ ಇರುತ್ತದೆ. ಅವರಿಗೆ ಅದರ ಪರಿಚಯ ನಿಮಗಿಂತ ಚೆನ್ನಾಗಿರುತ್ತದೆ, ಆರಿಸುವುದನ್ನು ಅವರಿಗೇ ಬಿಡಿ. ಒಂದೆರಡು ವಾರ ಗೇಟಿನ ಒಳಗೆ ಊಟ ಹಾಕಿ ಬಾಗಿಲು ತೆರೆದಿಡಿ, ತಾನಾಗಿ ಬಂದು ಮಲಗಲಿ. ಮಗನಿಗೆ ಅದರ ಜೊತೆ ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ನಡೆಯುವ ಕೆಲಸ.

ಯಾವ ಕಾರಣಕ್ಕೋ ಮರಿಯನ್ನೇ ತರಬೇಕಾಗಿ ಬಂದರೆ ಎಂಟು ವಾರ ತುಂಬುವ ಮುಂಚೆ ತಾಯಿಯಿಂದ ಬಿಡಿಸಬೇಡಿ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳಲ್ಲೂ ಅದಕ್ಕಿಂತ ಚಿಕ್ಕ ಮರಿ ಮಾರುವುದು ನಿಷಿದ್ಧ. ಆರರಿಂದ ಎಂಟು ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಲಸಿಕೆ ಶುರು, ಮೂರು ನಾಲ್ಕು ವಾರ ಬಿಟ್ಟು ಮತ್ತೆ. ಮೂರು ತಿಂಗಳಿಗೆ ರೇಬಿಸ್, ಆಮೇಲೆ ವರ್ಷಕ್ಕೊಮ್ಮೆ ತಪ್ಪಿಸದೆ. ಜಂತುಹುಳುವಿನ ಔಷಧ ಮರೆಯಬೇಡಿ. ಬೀದಿಯಿಂದ ಒಳಗೆ ಬಂದ ನಾಯಿಗೂ ಕಿವಿಯ ಗುರುತು ಇದೆಯೆಂದು ಸುಮ್ಮನಿರದೆ ರೇಬಿಸ್ ಲಸಿಕೆ ಮತ್ತೆ ಹಾಕಿಸಿ. ಯಾರಿಗಾದರೂ ಹಲ್ಲು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ, ಮನೆಯ ನಾಯಿಯೇ ಆದರೂ.

ಊಟಕ್ಕೆ ಅನ್ನ, ರೊಟ್ಟಿ, ಮೊಸರು, ಬೇಯಿಸಿದ ಮೊಟ್ಟೆ ಕೊಡಬಹುದು, ಖಾರ ಉಪ್ಪು ಕಡಿಮೆ. ಸಂಜೆ ತಂದ ನರ್ಗೀಸ್ ಮಂಡಕ್ಕಿ ಮಿಕ್ಕರೆ ನಾಯಿಗೆ ಹಾಕಬೇಡಿ, ಅದರಲ್ಲಿರುವ ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟ್ ಕೂಡ ಬೇಡ.